ಉಳ್ಳಾಗಡ್ಡಿಯ ಅಕಾಲ ಪುಷ್ಪ: ಕಾರಣವೂ ನಿವಾರಣೆಯೂ

(ಗೊರೇಬಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ತುಂಗಭದ್ರೆಯ ಎಡದಂಡೆ ನಾಲೆಯ ನೀರುಂಡು ನೆಲ್ಲಿನ ಸೀಮೆಯೆಂದೇ ಹೆಸರಾಂತ ಈ ಪ್ರಾಂತದಲ್ಲಿ ನಿಂತು ಉಳ್ಳಾಗಡ್ಡಿಯನ್ನು ಕುರಿತು ಮಾತನಾಡಹೊರಟದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಾಲೆಯ ಮೇಲ್ಭಾಗದ ಎರೆಯಲ್ಲಿ ನೆಲ್ಲು ಎಷ್ಟು ಸಹಜವೋ, ನೀರು ತಲಪುವುದೇ ಸಂದೇಹವಾಗಿರುವ ಕೊನೆಭಾಗದ ಹೊಲಗಳಲ್ಲಿಯೂ, ಲಿಂಗಸುಗೂರಿನ ಕಡೆಯ ಮಸಾರಿ ಭೂಮಿಯಲ್ಲಿ ಕೊಳವೆಬಾವಿಯನ್ನೇ ನಂಬಿದ ತುಂಡು ತುಂಡು ತೋಟಗಳಲ್ಲಿಯೂ, ಕಡಮೆ ನೀರಿನಲ್ಲಿ ನಾಲ್ಕೇ ತಿಂಗಳಿಗೆ ಕೈಗೆ ಹಣ ತರಬಲ್ಲ ಬೆಳೆಯಾಗಿ ಉಳ್ಳಾಗಡ್ಡಿ ಅಷ್ಟೇ ಸಹಜವಾದುದು. ಅಂಥ ಹೊಲಗಳಲ್ಲಿ ಕೆಲವು ವರ್ಷ, ಪುಷ್ಯ ಕಳೆದು ಮಾಘ ಕಾಲಿಡುವ ಹೊತ್ತಿಗೆ, ಗಡ್ಡೆ ತುಂಬಿಕೊಳ್ಳಬೇಕಾದ ಗಿಡಗಳ ನಡುವಿನಿಂದ ಅಲ್ಲೊಂದು ಇಲ್ಲೊಂದು ಹಸಿರು ದಂಟು ಎದ್ದು, ತುದಿಯಲ್ಲಿ ಬಿಳಿಯ ಪೊರೆಯೊಳಗೆ ಮೊಗ್ಗಿನ ಮುದ್ದೆಯನ್ನು ಹೊತ್ತು ನಿಲ್ಲುತ್ತದೆ. ವಾರ ಕಳೆಯುವುದರೊಳಗೆ ಅಂಥವು ಎಣಿಕೆಗೆ ಸಿಕ್ಕದಷ್ಟಾಗುತ್ತವೆ. ಹೂವೆಂಬುದು ಉಳಿದೆಲ್ಲ ಬೆಳೆಗಳಲ್ಲಿ ಶುಭಸೂಚಕವಾಗಿದ್ದರೆ ಇಲ್ಲಿ ಅದು ನಷ್ಟದ ಪೂರ್ವಸೂಚನೆ.

ಈ ಅಕಾಲ ಪುಷ್ಪೋದ್ಗಮಕ್ಕೆ ಕಾರಣವೇನು, ಬೆಳೆಯುವ ಸನ್ನಿವೇಶವನ್ನು ತಿದ್ದಿಕೊಳ್ಳುವುದರಿಂದ ಅದನ್ನು ಎಷ್ಟರಮಟ್ಟಿಗೆ ತಡೆಯಬಹುದು ಎಂಬುದಿಷ್ಟೇ ಇಂದಿನ ನನ್ನ ವಿಷಯ. ಮೊದಲಿಗೆ ಈ ಸಸ್ಯದ ಸ್ವಭಾವವನ್ನೂ, ತರುವಾಯ ಚಳಿಗೂ ಗಿಡದ ಪ್ರಾಯಕ್ಕೂ ಇರುವ ಸಂಬಂಧವನ್ನೂ, ಆಮೇಲೆ ನಮ್ಮ ಸೀಮೆಯ ಕಾಲ, ನೀರು, ಗೊಬ್ಬರಗಳ ವಿಚಾರವನ್ನೂ, ಕಡೆಗೆ ಬೀಜದ ಮಾತನ್ನೂ ತೆಗೆದುಕೊಳ್ಳುತ್ತೇನೆ. ನುಸಿ, ನೇರಳೆ ಮಚ್ಚೆ ಮೊದಲಾದ ಪೀಡೆಗಳನ್ನು ಮುಟ್ಟುವುದಿಲ್ಲ. ಬೆಲೆಯ ಮಾತನ್ನಂತೂ ಎತ್ತುವುದೇ ಇಲ್ಲ. ಉಳ್ಳಾಗಡ್ಡಿಯ ಬೆಲೆಯ ಮಾತು ಹತ್ತಿದರೆ ಈ ಸಭೆ ಬೆಳಗಾಗುವವರೆಗೂ ಏಳದು.

ನಷ್ಟ ಯಾವ ಬಗೆಯದೆಂಬುದನ್ನು ಕಣ್ಣಾರೆ ಕಾಣಬೇಕಾದರೆ, ದಂಟು ಎದ್ದ ಒಂದು ಗಿಡವನ್ನು ಬೇರುಸಹಿತ ಕಿತ್ತು, ಬೇರು ಹೊರಡುವ ತಳದ ಬಿಲ್ಲೆಯಿಂದ ಕುತ್ತಿಗೆಯವರೆಗೆ ಹರಿತವಾದ ಚಾಕುವಿನಿಂದ ನೇರವಾಗಿ ಸೀಳಿ ನೋಡಬೇಕು. ಒಳ್ಳೆಯ ಗಡ್ಡೆಯಲ್ಲಿ ನಡುಮಧ್ಯದವರೆಗೂ ಒಂದರೊಳಗೊಂದು ರಸಭರಿತವಾದ ಪದರಗಳಿರುತ್ತವೆ. ಹೊರಗಿನ ಎಲೆಗಳ ಬುಡವೇ ಉಬ್ಬಿ ಆ ಪದರಗಳಾದುವಾದುದರಿಂದ, ಎಲೆ ಹುಟ್ಟುವುದು ನಿಂತೊಡನೆ ಕುತ್ತಿಗೆ ಟೊಳ್ಳಾಗಿ, ಮೆತ್ತಗಾಗಿ, ಸೊಪ್ಪು ತಾನಾಗಿಯೇ ನೆಲಕ್ಕೆ ಒರಗುತ್ತದೆ. ಬೆಳೆ ಕೊಯ್ಲಿಗೆ ಬಂದ ಗುರುತು ಅದೇ. ದಂಟು ಎದ್ದ ಗಿಡದಲ್ಲಾದರೋ ನಡುವೆ ಒಂದು ಗಟ್ಟಿಯಾದ ಹಸಿರುಬಿಳಿಯ ಕಾಂಡ ತಳದ ಬಿಲ್ಲೆಯಿಂದಲೇ ಹೊರಟು, ಪದರಗಳನ್ನು ಎರಡು ಪಕ್ಕಕ್ಕೆ ಸರಿಸಿ ಮೇಲೇರಿರುತ್ತದೆ. ಅದು ನಿಂತಿರುವ ತನಕ ಕುತ್ತಿಗೆ ಮುಚ್ಚಿಕೊಳ್ಳುವಂತಿಲ್ಲ. ಅದು ಒಣಗಿದ ಮೇಲೆ ಉಳಿಯುವ ಕೊಳವೆಯ ಮೂಲಕ ತೇವವೂ ಬೂಷ್ಟೂ ಒಳಗಿಳಿಯುತ್ತವೆ. ಗಡ್ಡೆ ಸಣ್ಣದು, ನಡುವೆ ಕಟ್ಟಿಗೆಯಂಥ ದಿಂಡು, ಸಂಗ್ರಹದಲ್ಲಿ ಒಂದು ತಿಂಗಳೂ ನಿಲ್ಲುವ ಭರವಸೆಯಿಲ್ಲ. ರಾಯಚೂರಿನ ಮಾರುಕಟ್ಟೆಯಾಗಲಿ, ಹುಬ್ಬಳ್ಳಿ, ಸೊಲ್ಲಾಪುರ, ಯಶವಂತಪುರಗಳಾಗಲಿ, ಚೀಲದಲ್ಲಿ ಇಂಥ ನಾಲ್ಕು ಗಡ್ಡೆ ಕಂಡರೆ ಖರೀದಿದಾರನು ಇಡೀ ರಾಶಿಯ ದರವನ್ನೇ ಇಳಿಸಲು ನೆವ ಸಿಕ್ಕಿತೆಂದು ತಿಳಿಯುತ್ತಾನೆ.

ಇನ್ನು ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ದಂಟು ನಮ್ಮ ಕಣ್ಣಿಗೆ ಬಿದ್ದ ದಿನ ಅದು ಹುಟ್ಟಿದ ದಿನವಲ್ಲ. ಗಿಡದ ತಳದ ಬಿಲ್ಲೆಯ ನಡುವೆ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬೆಳವಣಿಗೆಯ ತುದಿಯೊಂದಿದೆ. ಹೊಸ ಎಲೆಗಳು ಒಂದಾದ ಮೇಲೊಂದರಂತೆ ಹುಟ್ಟುವುದು ಅಲ್ಲಿಯೇ. ಯಾವುದೋ ಒಂದು ದಿನ ಆ ತುದಿ ಎಲೆಯನ್ನು ಹುಟ್ಟಿಸುವುದನ್ನು ಬಿಟ್ಟು ಹೂವಿನ ಪೊರೆಯನ್ನು ಕಟ್ಟಲು ತೊಡಗುತ್ತದೆ. ಆ ಬದಲಾವಣೆಯಾಗಿ ಹಲವು ವಾರಗಳಾದ ಮೇಲಷ್ಟೇ ದಂಟು ಎಲೆಗಳ ನಡುವಿನಿಂದ ಹೊರಗೆ ಇಣುಕುವುದು. ಮಾಘದಲ್ಲಿ ಕಂಡ ಹೂವು ಮಾರ್ಗಶಿರದಲ್ಲಿ ನಡೆದುಹೋದುದರ ದಾಖಲೆ. ಆದಕಾರಣ ಮಾಘದಲ್ಲಿ ಓಡಾಡಿ ಮಾಡತಕ್ಕ ಉಪಾಯಗಳೆಲ್ಲವೂ ತಡವಾದ ಉಪಾಯಗಳೇ. ನಿವಾರಣೆಯ ಕೆಲಸವೇನಿದ್ದರೂ ಬೀಜ ಕೊಳ್ಳುವ ದಿನದಿಂದ ನಾಟಿಯ ದಿನದವರೆಗಿನ ಅವಧಿಯಲ್ಲಿ ಮುಗಿದಿರತಕ್ಕದ್ದು.

ಈಗ ಸಸ್ಯದ ಸ್ವಭಾವಕ್ಕೆ ಬರೋಣ. ಉಳ್ಳಾಗಡ್ಡಿ ದ್ವೈವಾರ್ಷಿಕ ಸಸ್ಯ. ಅದರ ಸಹಜ ಜೀವನಕ್ರಮದಲ್ಲಿ ಮೊದಲ ಋತುಚಕ್ರದಲ್ಲಿ ಎಲೆ ಬೆಳೆಸಿ, ಹಗಲು ಹೆಚ್ಚಿ ಬಿಸಿಲೇರಿದಾಗ ಗಡ್ಡೆ ಕಟ್ಟಿ, ಬೇಸಗೆಯನ್ನು ಆ ಗಡ್ಡೆಯೊಳಗೆ ನಿದ್ರಿಸಿ ಕಳೆದು, ಮರುವರ್ಷದ ಚಳಿಯನ್ನುಂಡ ಮೇಲೆ ಹೂಬಿಟ್ಟು ಬೀಜವಾಗಿ ಸಾಯುವುದು. ಮನುಷ್ಯನು ನಡುದಾರಿಯಲ್ಲಿ, ಗಡ್ಡೆಯ ಹಂತದಲ್ಲಿ, ಅದನ್ನು ತಡೆದು ತನ್ನ ಪಾಲನ್ನು ಎತ್ತಿಕೊಳ್ಳುತ್ತಾನೆ. ಮೊದಲ ವರ್ಷದಲ್ಲಿಯೇ ಗಿಡಕ್ಕೆ ಚಳಿಗಾಲ ಕಳೆಯಿತೆಂಬ ಸೂಚನೆ ದೊರೆತುಬಿಟ್ಟರೆ, ಗಡ್ಡೆಯ ಹಂತವನ್ನು ಅದು ಅರ್ಧಕ್ಕೆ ಬಿಟ್ಟು ಮುಂದಿನ ಕರ್ತವ್ಯಕ್ಕೆ ಹೊರಡುತ್ತದೆ. ನಾವು ಅಕಾಲವೆನ್ನುವುದು ಗಿಡದ ಗಣಿತದಲ್ಲಿ ಸಕಾಲವೇ. ಇದು ರೋಗವಲ್ಲ, ಕೀಟದ ಉಪದ್ರವವಲ್ಲ, ದೃಷ್ಟಿದೋಷವೂ ಅಲ್ಲ.

ಆ ಸೂಚನೆ ಹೇಗೆ ದೊರೆಯುತ್ತದೆಂಬುದನ್ನು ಕ್ರಮವಾಗಿ ಶೋಧಿಸಿದವರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಂಪ್ಸನ್ ಮತ್ತು ಸ್ಮಿತ್ ಎಂಬ ವಿದ್ವಾಂಸರು ಮುಖ್ಯರು. 1938ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ, ಗಾಜಿನ ಮನೆಗಳೊಳಗೆ ಬೇರೆ ಬೇರೆ ಉಷ್ಣತೆಯಲ್ಲಿ ಬೆಳೆಸಿದ ಗಿಡಗಳ ಪೈಕಿ, ಸುಮಾರು 10ರಿಂದ 15 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿದ್ದವು ಹೂವಿಗೆ ಹೊರಟವು. 21 ಡಿಗ್ರಿಗೆ ಮೇಲ್ಪಟ್ಟ ಬಿಸಿಯಲ್ಲಿದ್ದವು ಹೂವಿನ ಗೊಡವೆಗೇ ಹೋಗದೆ, ಹಗಲು ಸಾಕಷ್ಟು ದೀರ್ಘವಾಗಿದ್ದಲ್ಲಿ, ಗಡ್ಡೆ ಕಟ್ಟಿದವು. ಹಗಲಿನ ಉದ್ದ ಗಡ್ಡೆಗೆ ಅಪ್ಪಣೆ ಕೊಡುತ್ತದೆ, ಚಳಿ ಹೂವಿಗೆ ಅಪ್ಪಣೆ ಕೊಡುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಈಚೆಗೆ, 2013ರಲ್ಲಿ, ನ್ಯೂಜಿಲೆಂಡಿನ ವಿಜ್ಞಾನಿಗಳು ಈ ಎರಡು ಅಪ್ಪಣೆಗಳನ್ನು ಹೊತ್ತು ನಡೆಯುವ ವಂಶವಾಹಿಗಳನ್ನೇ ಗುರುತಿಸಿದರು. ಒಂದೇ ಮನೆತನದ ವಂಶವಾಹಿಗಳಲ್ಲಿ ಒಂದು ಗಡ್ಡೆಯನ್ನು ಪ್ರೇರಿಸಿದರೆ ಮತ್ತೊಂದು ಹೂವನ್ನು ಪ್ರೇರಿಸುತ್ತದೆಂಬುದು ಅವರ ಕಾಣ್ಕೆ.

ಆದರೆ ಚಳಿಯೊಂದೇ ಸಾಲದು. ಗಿಡ ಒಂದು ಪ್ರಾಯಕ್ಕೆ ಬಂದಿರಬೇಕು. ಎಳೆಯ ಮಗುವಿನ ಮುಂದೆ ಎಷ್ಟು ಶಾಸ್ತ್ರ ಓದಿದರೂ ಅದಕ್ಕೆ ಹೇಗೆ ತಟ್ಟದೋ, ಬಲಿತವನಿಗೆ ಒಂದೇ ಮಾತು ಹೇಗೆ ಸಾಕಾಗುವುದೋ, ಹಾಗೆ ಎಳೆಯ ಅಗಿಯ ಮೇಲೆ ಚಳಿ ವೃಥಾ ಕಳೆದುಹೋಗುತ್ತದೆ, ಬಲಿತ ಗಿಡದ ಮೇಲೆ ನಾಟುತ್ತದೆ. ಆ ಪ್ರಾಯದ ಗುರುತು ದಿನಗಳ ಲೆಕ್ಕವಲ್ಲ, ಗಾತ್ರ. ಎಲೆಗಳ ಬುಡ ಸೇರಿ ಕಾಂಡದಂತೆ ತೋರುವ ಆ ಕುತ್ತಿಗೆಯ ದಪ್ಪ ಸುಮಾರು 6 ಮಿಲಿಮೀಟರನ್ನು ದಾಟಿದ ಗಿಡಗಳು ಚಳಿಗೆ ಓಗೊಡುತ್ತವೆ. ಅದಕ್ಕಿಂತ ತೆಳ್ಳಗಿರುವವು ಬಹುಮಟ್ಟಿಗೆ ಪಾರಾಗುತ್ತವೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ನಿವಾರಣೋಪಾಯದ ಮುಕ್ಕಾಲುಪಾಲು ಕೈಗೆ ಬಂದಂತೆ. ಚಳಿಯನ್ನು ನಾವು ತಡೆಯಲಾರೆವು. ಚಳಿ ಬಂದಾಗ ಗಿಡ ಎಷ್ಟು ದಪ್ಪವಿರಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಇಲ್ಲಿ ಯಾರಾದರೂ ಒಂದು ಆಕ್ಷೇಪವನ್ನೆತ್ತಬಹುದು, ಎತ್ತಬೇಕು ಕೂಡ. ನಮ್ಮ ಸೀಮೆಯಲ್ಲಿ ಅಂಥ ಚಳಿ ಎಲ್ಲಿದೆ? ರಾಯಚೂರು ಪ್ರದೇಶದಲ್ಲಿ ಡಿಸೆಂಬರ್ ತಿಂಗಳ ಇರುಳಿನ ಕನಿಷ್ಠ ಉಷ್ಣತೆ ಸರಾಸರಿಯಲ್ಲಿ 17 ಡಿಗ್ರಿಯ ಆಸುಪಾಸಿನಲ್ಲಿದ್ದು, ಹಗಲು 30 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಆಕ್ಷೇಪಕ್ಕೆ ಉತ್ತರ ಎರಡು. ಸರಾಸರಿಯೆಂಬುದು ಎಲ್ಲ ವರ್ಷಗಳನ್ನೂ ಸೇರಿಸಿ ಮಾಡಿದ ಲೆಕ್ಕ. ಬಡಗಣ ಗಾಳಿ ಬೀಸಿದ ವರ್ಷಗಳಲ್ಲಿ ಉಷ್ಣತೆ ಅದಕ್ಕಿಂತ ಬಹಳ ಕೆಳಗಿಳಿದು ವಾರಗಟ್ಟಲೆ ಅಲ್ಲಿಯೇ ನಿಲ್ಲುವುದುಂಟು. ಎರಡನೆಯದು ಹೆಚ್ಚು ಮುಖ್ಯವಾದುದು: ದಕ್ಷಿಣಾಪಥದ ನಮ್ಮ ತಳಿಗಳು ತಲೆತಲಾಂತರದಿಂದ ಇಂಥ ಸೌಮ್ಯವಾದ ಚಳಿಯಲ್ಲಿಯೇ ಬೀಜ ಕಟ್ಟುತ್ತ ಬಂದವಾದುದರಿಂದ, ಯೂರೋಪಿನ ತಳಿಗಳಿಗೆ ಬೇಕಾದಷ್ಟು ತಣಿವು ಇವಕ್ಕೆ ಬೇಕಿಲ್ಲ, 15 ಡಿಗ್ರಿಗೆ ಸಮೀಪದ ಇರುಳುಗಳು ಕೆಲವು ವಾರ ಬಿಡದೆ ಬಂದರೆ ಬಲಿತ ಗಿಡಗಳಿಗೆ ಅಷ್ಟೇ ಸಾಕು. ಯೂರೋಪಿನ ಬೀಜವನ್ನೇ ತಂದು ಬಿತ್ತಿದರೆ ಹೂವಿನ ಕಾಟ ತಪ್ಪೀತಲ್ಲವೇ ಎಂದರೆ, ತಪ್ಪೀತು, ಗಡ್ಡೆಯೂ ತಪ್ಪೀತು. ಆ ತಳಿಗಳು ಗಡ್ಡೆ ಕಟ್ಟಲು 14 ಗಂಟೆಗೂ ಮೀರಿದ ಹಗಲನ್ನು ಬೇಡುತ್ತವೆ. 16ನೆಯ ಅಕ್ಷಾಂಶಕ್ಕೆ ಸ್ವಲ್ಪ ದಕ್ಷಿಣದಲ್ಲಿರುವ ಗೊರೇಬಾಳದಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆಯ ಆಸುಪಾಸಿನದು.

ತತ್ತ್ವದ ಮಾತು ಇಷ್ಟು ಸಾಕು. ಇನ್ನು ಹೊಲಕ್ಕಿಳಿಯೋಣ. ಮೂರನೆಯ ವಿಷಯ ಕಾಲನಿರ್ಣಯದ್ದು. ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಸಭಿಕರು ಸಹಿಸಿಕೊಳ್ಳಬೇಕು.

ಮುಂಗಾರಿಯಲ್ಲಿ ಬಿತ್ತಿದ ಉಳ್ಳಾಗಡ್ಡಿಗೆ ಈ ತೊಂದರೆಯಿಲ್ಲ. ಮಿರಗಾ, ಆರಿದ್ರಾ ಮಳೆಗೆ ಕೂರಿಗೆಯಿಂದ ಬಿತ್ತಿದ ಬೆಳೆ ಚಳಿ ಹುಟ್ಟುವ ಮುಂಚೆಯೇ ಗಡ್ಡೆ ಕಟ್ಟಿ ಹೊಲ ಬಿಟ್ಟಿರುತ್ತದೆ. ಅಪಾಯವಿರುವುದು ನಡುಗಾಲದ ಬೆಳೆಗೆ. ಮಘೆ, ಹುಬ್ಬೆಯ ಹೊತ್ತಿಗೆ, ಎಂದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ಭಾಗದಲ್ಲಿ ಮಡಿಗೆ ಬೀಜ ಚೆಲ್ಲಿ, ಚಿತ್ತಾ ಮಳೆಯ ಸುಮಾರಿಗೆ ನಾಟಿ ಮಾಡಿದರೆ, ಅಕ್ಟೋಬರ್ ನವೆಂಬರಿನ ಹಿತವಾದ ಹವೆಯಲ್ಲಿ ಗಿಡ ಸೊಂಪಾಗಿ ಬೆಳೆದು, ಡಿಸೆಂಬರಿನ ಚಳಿ ಬೀಳುವ ಹೊತ್ತಿಗೆ ಕುತ್ತಿಗೆ ಹೆಬ್ಬೆರಳ ದಪ್ಪಕ್ಕೆ ಬಂದಿರುತ್ತದೆ. ನೋಡುವವನ ಕಣ್ಣಿಗೆ ಹಬ್ಬ. ಆದರೆ ಹಗಲು ಅತ್ಯಂತ ಮೊಟಕಾಗಿರುವ, ಗಡ್ಡೆಗೆ ಅಪ್ಪಣೆ ಮಂದವಾಗಿರುವ, ಹೂವಿಗೆ ಅಪ್ಪಣೆ ಪ್ರಬಲವಾಗಿರುವ ಕಾಲಕ್ಕೆ ಸರಿಯಾಗಿ ಗಿಡವು ಪ್ರಾಯಕ್ಕೆ ಬಂದು ನಿಂತಿರುತ್ತದೆ. ಮಹಾರಾಷ್ಟ್ರದಲ್ಲಿ ರಂಗಡಾ ಎಂದು ಕರೆಯುವ ಈ ಕಾಲದ ಬೆಳೆಯಲ್ಲಿ ದಂಟೂ ಜೋಡಿ ಗಡ್ಡೆಯೂ ಹೆಚ್ಚೆಂಬುದು ಅಲ್ಲಿಯ ರೈತರಿಗೂ ತಿಳಿದ ವಿಷಯವೇ. ಜನವರಿ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಮಾಲು ಕಡಮೆಯಿರುವಾಗ ಕೊಯ್ಯಬಹುದೆಂಬ ಆಸೆಯೇ ಈ ಕಾಲದ ಬಿತ್ತನೆಗೆ ಕಾರಣ. ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದು ಚಳಿಯ ಮೇಲೆ ಕಟ್ಟಿದ ಪಣ. ಆ ಪಣವನ್ನು ಇಡೀ ಹೊಲದ ಮೇಲೆ ಕಟ್ಟುವುದು ನನಗೆ ವಿಹಿತವಾಗಿ ತೋರುವುದಿಲ್ಲ.

ಹಿಂಗಾರಿ ಬೆಳೆಯ ದಾರಿ ಬೇರೆ. ಸ್ವಾತಿ ಕಳೆದು ವಿಶಾಖ ಮಳೆಯ ದಿನಗಳಲ್ಲಿ ಮಡಿಗೆ ಬೀಜ ಹಾಕಿ, ಏಳು ವಾರದ ಒಳಗಿನ ಅಗಿಯನ್ನು ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ನಾಟಿ ಮಾಡಿದರೆ, ಚಳಿಯ ತೀವ್ರವಾದ ದಿನಗಳಲ್ಲೆಲ್ಲ ಗಿಡ ತೆಳ್ಳಗೆ, ಎಳೆಯದಾಗಿ, ಅದಕ್ಕೆ ಕಿವುಡಾಗಿರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಗಿಡಕ್ಕೆ ಮೈ ಬರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆಂದು ನಮ್ಮ ಹಿರಿಯರು ಹೇಳುವಂತೆ, ಗಿಡ ಬಲಿಯುವ ಹೊತ್ತಿಗೆ ಹವೆ ಬಿಸಿಯಾಗಿ, ಹಗಲು ಬೆಳೆದು, ಹೂವಿಗೆ ಎಡೆಯಿಲ್ಲದೆ ಗಡ್ಡೆ ತುಂಬುತ್ತದೆ. ಒಂದು ವೇಳೆ ಒಳಗೆ ಹೂಮೊಗ್ಗಿನ ಸೂಕ್ಷ್ಮ ಅಂಕುರ ಮೂಡಿದ್ದರೂ ಬಿಸಿಯೇರಿದರೆ ಗಡ್ಡೆಯ ಪದರಗಳು ಆಹಾರವನ್ನೆಲ್ಲ ಸೆಳೆದುಕೊಂಡು ಆ ಅಂಕುರ ಒಳಗೇ ಸೊರಗುವುದೂ ಉಂಟು. ಹಾಗೆಂದು ನಾಟಿಯನ್ನು ಜನವರಿಯ ನಡುವಿನಿಂದಾಚೆಗೆ ಎಳೆಯುವುದೂ ಸಲ್ಲದು. ಆಗ ಹೂವಿನ ಭಯವಿಲ್ಲ, ನಿಜ. ಆದರೆ ನಾಲ್ಕೆಂಟು ಎಲೆಯಾಗುವುದರೊಳಗೆ ನಮ್ಮ ಮಾರ್ಚ್ ತಿಂಗಳ ಬಿಸಿಲು ಗಿಡವನ್ನು ಅವಸರಪಡಿಸಿ, ಗೋಲಿಯಷ್ಟು ಗಾತ್ರದಲ್ಲೇ ಗಡ್ಡೆಯನ್ನು ಮುಗಿಸಿಬಿಡುತ್ತದೆ. ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ ವಿಡೇಲಿಯಾ ಎಂಬ ಹೆಸರಿನ ಸಿಹಿ ಉಳ್ಳಾಗಡ್ಡಿಯನ್ನು ಚಳಿಗಾಲ ದಾಟಿಸಿ ಬೆಳೆಯುವವರಿಗೂ ಇದೇ ಇಕ್ಕಟ್ಟು: ಸೆಪ್ಟೆಂಬರಿನಲ್ಲಿ ಅವಸರವಾಗಿ ಮಡಿ ಹಾಕಿದರೆ ವಸಂತದಲ್ಲಿ ದಂಟು, ತಡಮಾಡಿದರೆ ಸಣ್ಣ ಗಡ್ಡೆ.

ಪಂಚಾಂಗದ ಪ್ರಕಾರ ಎಲ್ಲವನ್ನೂ ಸರಿಯಾಗಿ ಮಾಡಿದವರ ಹೊಲದಲ್ಲಿಯೂ ಕೆಲವೊಮ್ಮೆ ದಂಟು ಏಳುವುದೇಕೆ? ಇದಕ್ಕೆ ನಮ್ಮ ಸೀಮೆಗೇ ವಿಶಿಷ್ಟವಾದ ಒಂದು ಕಾರಣವಿದೆಯೆಂದು ನನಗೆ ತೋರುತ್ತದೆ. ಎಡದಂಡೆ ನಾಲೆಯ ಎರಡನೆಯ ಬೆಳೆಗೆ ನೀರು ಉಂಟೋ ಇಲ್ಲವೋ, ಉಂಟಾದರೆ ಎಷ್ಟು ದಿನ ಎಂಬುದು ಮುಂಗಾರಿ ಬೆಳೆಯ ಕೊನೆಗೆ ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗಬೇಕು. ತೀರ್ಮಾನವಾದ ಮೇಲೂ ಕೊನೆಭಾಗಕ್ಕೆ ನೀರು ತಲಪಲು ದಿನಗಳು ಹಿಡಿಯುತ್ತವೆ. ಇತ್ತ ನೆಲ್ಲಿನ ಕೊಯ್ಲು ಮುಗಿದು, ಹೊಲ ಆರಿ, ಹದಕ್ಕೆ ಬರಬೇಕು. ಇಷ್ಟರೊಳಗೆ ಮಡಿಯಲ್ಲಿರುವ ಅಗಿಯ ಪಾಡೇನು? ಅದು ಯಾರ ತೀರ್ಮಾನಕ್ಕೂ ಕಾಯದೆ ಬೆಳೆಯುತ್ತಲೇ ಇರುತ್ತದೆ. 45 ದಿನಕ್ಕೆ ನಾಟಿಯಾಗಬೇಕಾದುದು 70 ದಿನವಾದರೂ ಮಡಿಯಲ್ಲೇ ನಿಂತು, ಬುಡ ದಪ್ಪಗಾಗಿ, ಕೆಲವೆಡೆ ಸಣ್ಣ ಗಡ್ಡೆಯ ಆಕಾರವನ್ನೂ ತಳೆದು, ಚಳಿಯ ಅರ್ಧಭಾಗವನ್ನು ಅಲ್ಲಿಯೇ ಉಂಡುಬಿಟ್ಟಿರುತ್ತದೆ. ಅಂಥ ಅಗಿಯನ್ನು ಎಷ್ಟು ಒಳ್ಳೆಯ ಹೊಲಕ್ಕೆ ಹಚ್ಚಿದರೂ ಅದು ಹೂವಿನ ಸಂಕಲ್ಪವನ್ನು ಹೊತ್ತುಕೊಂಡೇ ಬಂದಿರುತ್ತದೆ. ಕೊಳವೆಬಾವಿಯುಳ್ಳ ಲಿಂಗಸುಗೂರು ಭಾಗದವರಿಗೆ ಈ ತೊಡಕು ಕಡಮೆ. ಮಸ್ಕಿ, ಸಿಂಧನೂರು ಕಡೆಯ ನಾಲೆಯ ಕೊನೆಭಾಗದವರಿಗೆ ಹೆಚ್ಚು.

ಇದಕ್ಕೆ ಉಪಾಯವೇನೆಂದರೆ, ನೀರಿನ ನಿಶ್ಚಯವಾಗುವ ಮುಂಚೆ ಬೀಜವನ್ನೆಲ್ಲ ಒಂದೇ ದಿನ ಮಡಿಗೆ ಚೆಲ್ಲದೆ, ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಮೂರು ಕಂತಾಗಿ ಚೆಲ್ಲುವುದು. ಎಕರೆ ನಾಟಿಗೆ ಮೂರರಿಂದ ನಾಲ್ಕು ಕಿಲೋ ಬೀಜ ಸಾಕಾಗುವುದರಿಂದ ಮಡಿಗಳ ಸಂಖ್ಯೆ ಹೆಚ್ಚಿದರೂ ಖರ್ಚು ಹೆಚ್ಚದು. ಮಡಿ ಒಂದು ಮೀಟರು ಅಗಲ, ಒಂದು ಗೇಣಿಗೆ ಸ್ವಲ್ಪ ಕಡಮೆ ಎತ್ತರ ಇರಲಿ. ಮಡಿಗೆ ಯೂರಿಯಾವನ್ನು ಕೈತುಂಬ ಎರಚುವ ಅಭ್ಯಾಸ ಬೇಡ. ನಾಟಿ ತಡವಾಗುವ ಸೂಚನೆಯಿದ್ದರಂತೂ ಸರ್ವಥಾ ಬೇಡ. ಅಗಿ ಕೀಳುವ ದಿನ ಮನೆಯ ಹುಡುಗರ ಶಾಲೆಯ ಪೆನ್ಸಿಲೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಪೆನ್ಸಿಲು ಸುಮಾರು 7 ಮಿಲಿಮೀಟರು ದಪ್ಪ. ಅಗಿಯ ಬುಡವನ್ನು ಅದರ ಪಕ್ಕಕ್ಕೆ ಹಿಡಿದು ನೋಡಿ, ಪೆನ್ಸಿಲಿನಷ್ಟು ಅಥವಾ ಅದಕ್ಕೂ ದಪ್ಪವಾದುವನ್ನು ಬೇರೆ ಕಟ್ಟು ಕಟ್ಟಿ, ಮನೆಯ ಪಲ್ಯಕ್ಕೋ ಸಂತೆಗೋ ಹಸಿ ಉಳ್ಳಾಗಡ್ಡಿಯೆಂದು ಕಳಿಸಿಬಿಡುವುದು ಮೇಲು. ದಪ್ಪ ಅಗಿ ಬೇಗ ಹಿಡಿಯುತ್ತದೆಂದು ಅದನ್ನೇ ಆರಿಸಿ ಹಚ್ಚುವ ರೂಢಿ ಕೂಲಿಯ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಮುಂಗಾರಿಗೆ ಆ ರೂಢಿ ನೆಟ್ಟಗಿದೆ, ಹಿಂಗಾರಿಗೆ ಅದೇ ಕೇಡಿಗೆ ಮೂಲ. ಈ ಮಾತನ್ನು ಮಾಲೀಕನು ಗದ್ದೆಯ ಬದುವಿನ ಮೇಲೆ ನಿಂತು ಹೇಳಿದರೆ ಸಾಲದು, ಅಗಿ ಕೀಳುವ ಅಕ್ಕಂದಿರ ಪಕ್ಕದಲ್ಲಿ ಕುಳಿತು ತೋರಿಸಬೇಕು.

ಗೊಬ್ಬರದ ವಿಚಾರದಲ್ಲಿ ಜನರ ಮಾತೂ ಪ್ರಯೋಗಗಳ ಮಾತೂ ಎದುರುಬದುರಾಗಿ ನಿಲ್ಲುತ್ತವೆ. ಯೂರಿಯಾ ಹೆಚ್ಚಾಗಿ ದಂಟು ಎದ್ದಿತೆಂದು ಅನೇಕರು ಹೇಳುತ್ತಾರೆ. ಪ್ರಯೋಗಗಳಲ್ಲಿ ಕಂಡದ್ದು ಇದಕ್ಕೆ ವಿಪರೀತ: ಚಳಿಗೆ ಸಿಕ್ಕ ಬಲಿತ ಗಿಡಕ್ಕೆ ಸಾರಜನಕದ ಕೊರತೆಯಾದರೆ ಅದು ಇನ್ನೂ ಬೇಗ, ಇನ್ನೂ ಹೆಚ್ಚು ಹೂವಿಗೆ ಹೋಗುತ್ತದೆ. ಎರಡು ಮಾತಿಗೂ ಸಮನ್ವಯವಿದೆ. ಚಳಿಗೆ ಮುನ್ನ ಸುರಿದ ಯೂರಿಯಾ ಗಿಡವನ್ನು ಬೇಗ ಬಲಿಸಿ, ಅಪಾಯದ ಗಾತ್ರಕ್ಕೆ ತಂದು ನಿಲ್ಲಿಸುತ್ತದೆ. ಆಗ ಜನರ ಮಾತು ನಿಜವಾಗುತ್ತದೆ. ಚಳಿಯ ದಿನಗಳಲ್ಲಿ ಹಸಿದ ಗಿಡ ಹೂವಿಗೆ ಹೊರಡುತ್ತದೆ. ಆಗ ಪ್ರಯೋಗದ ಮಾತು ನಿಜ. ನೀರಾವರಿ ಬೆಳೆಗೆ ಎಕರೆಗೆ ಸುಮಾರು 50 ಕಿಲೋ ಸಾರಜನಕವೆಂದರೆ, ಎಲ್ಲವನ್ನೂ ಯೂರಿಯಾದಿಂದಲೇ ಕೊಡುವುದಾದಲ್ಲಿ ಈಗಿನ 45 ಕಿಲೋ ಚೀಲ ಎರಡೂವರೆ. ಡಿಎಪಿ ಹಾಕಿದ್ದರೆ ಅದರಲ್ಲಿರುವ ಸಾರಜನಕವನ್ನು ಕಳೆದುಕೊಳ್ಳಬೇಕು. ಅರ್ಧ ನಾಟಿಗೆ, ಉಳಿದರ್ಧ ಎರಡು ಕಂತಾಗಿ 30 ಮತ್ತು 45ನೆಯ ದಿನಗಳ ಸುಮಾರಿಗೆ. ಚಳಿಯಲ್ಲಿ ಗಿಡ ಬೆಳೆಯುವುದಿಲ್ಲ, ಈಗೇಕೆ ಗೊಬ್ಬರ ಎಂದು 30ನೆಯ ದಿನದ ಕಂತನ್ನು ಮುಂದೂಡುವ ಜಿಪುಣತನವೇ ದಂಟಿಗೆ ದಾರಿ. 60 ದಿನ ಕಳೆದ ಮೇಲೆ ಸಾರಜನಕ ಬೇಡ; ಕುತ್ತಿಗೆ ದಪ್ಪವಾಗಿ ಗಡ್ಡೆ ಬಾಳಿಕೆ ಬಾರದು.

ನೀರು, ನೆಲಗಳ ಬಗೆಗೆ ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಉಳ್ಳಾಗಡ್ಡಿಯ ಬೇರು ಮೇಲಿನ ಒಂದು ಅಡಿಯೊಳಗೇ ಇರುವುದರಿಂದ ಎರೆ ಬಾಯಿಬಿಡುವವರೆಗೆ ಕಾದು, ಆಮೇಲೆ ಹೊಲ ಮುಳುಗುವಂತೆ ನೀರು ಬಿಟ್ಟರೆ, ಬೇರೂ ಹೋಗುತ್ತದೆ, ಕೊಟ್ಟ ಸಾರಜನಕವೂ ಹೋಗುತ್ತದೆ, ಗಿಡ ಹಸಿಯುತ್ತದೆ. ಚಳಿಗಾಲದಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ತೆಳುವಾದ ನೀರು ಸಾಕು. ನೆಲ್ಲು ಬೆಳೆದು ಬೆಳೆದು ಸವಳು ಹತ್ತಿದ ತಗ್ಗಿನ ಹೊಲಗಳಲ್ಲಿ ಈ ಬೆಳೆಯನ್ನೇ ಇಡಬಾರದು. ಉಪ್ಪನ್ನು ಸಹಿಸದ ಬೆಳೆಗಳಲ್ಲಿ ಇದು ಮುಂದಿನ ಸಾಲಿನದು.

ಕಡೆಯ ವಿಷಯ ಬೀಜದ್ದು. ಬೀಜ ಚೆನ್ನಾಗಿಲ್ಲದಿದ್ದರೆ ಇದುವರೆಗೆ ಹೇಳಿದ ಎಚ್ಚರಿಕೆಗಳೆಲ್ಲವೂ ನಿಷ್ಫಲ. ಮುಂಗಾರಿಗೆಂದು ಆಯ್ದ ತಳಿಯನ್ನು, ಉದಾಹರಣೆಗೆ ಎನ್-53 ಎಂಬುದನ್ನು, ಅಂಗಡಿಯಲ್ಲಿ ಅದೇ ಸಿಕ್ಕಿತೆಂದು ಹಿಂಗಾರಿಗೆ ಹಾಕುವುದು ವಿಹಿತವಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ, ಪುಣೆಯ ಬಳಿಯ ರಾಜಗುರುನಗರದ ಸಂಸ್ಥೆಯ ಭೀಮಾ ಶಕ್ತಿ, ಭೀಮಾ ಕಿರಣ್ ಇವು ಹಿಂಗಾರಿಗೆ ಹೊಂದುವವು. ಬೀಜದ ಜೀವ ಬಹುಮಟ್ಟಿಗೆ ಒಂದೇ ವರ್ಷದ್ದಾದುದರಿಂದ ಹಳೆಯ ಬೀಜವನ್ನು ಸೋವಿಯೆಂದು ಕೊಳ್ಳಬಾರದೆಂಬುದು ಬೇರೆ ಮಾತು.

ಇದಕ್ಕಿಂತ ಗಂಭೀರವಾದುದು ಮನೆಯಲ್ಲೇ ಮಾಡಿಕೊಳ್ಳುವ ಬೀಜದ ಸಂಗತಿ. ಹೊಲದಲ್ಲಿ ದಂಟು ಎದ್ದಿವೆ. ಗಡ್ಡೆಯಂತೂ ಕೆಟ್ಟಿತು, ಬೀಜವಾದರೂ ಆಗಲಿ ಎಂದು ಅವನ್ನು ಹಾಗೆಯೇ ಬಿಟ್ಟು, ಕಪ್ಪು ಬೀಜವನ್ನು ಉದುರಿಸಿ, ಮುಂದಿನ ವರ್ಷ ಬಿತ್ತುವವರಿದ್ದಾರೆ. ನೆರೆಯವರಿಗೆ ಮಾರುವವರೂ ಇದ್ದಾರೆ. ಯಾವ ಗಿಡ ಅಲ್ಪಚಳಿಗೇ ಹೂವಿಗೆ ಹೋಯಿತೋ ಅದರ ಸಂತಾನವನ್ನೇ ಆರಿಸಿ ಆರಿಸಿ ಬಿತ್ತಿದಂತಾಯಿತು. ಎರಡು ಮೂರು ಪೀಳಿಗೆ ಹೀಗೆ ನಡೆದರೆ ಆ ತಳಿಯಲ್ಲಿ ದಂಟು ಏಳುವುದೇ ನಿಯಮ, ಗಡ್ಡೆ ಕಟ್ಟುವುದೇ ಅಪವಾದ. ಸರಿಯಾದ ಕ್ರಮವೆಂದರೆ, ದಂಟು ಏಳದೆ ಚೆನ್ನಾಗಿ ಬಲಿತ ಗಡ್ಡೆಗಳನ್ನು ಬೇಸಗೆಯಲ್ಲಿ ಆರಿಸಿ, ಮಳೆಗಾಲವನ್ನು ಗಾಳಿಯಾಡುವ ಜಾಗದಲ್ಲಿ ದಾಟಿಸಿ, ಅಕ್ಟೋಬರ್ ನವೆಂಬರಿನಲ್ಲಿ ಅವನ್ನು ನೆಟ್ಟು ಬೀಜ ಪಡೆಯುವುದು. ಆ ಗಡ್ಡೆಗಳು ಪ್ರಾಯ ದಾಟಿದವಾದುದರಿಂದ ಅದೇ ಚಳಿ ಅವಕ್ಕೆ ಹೂ ಬರಿಸುತ್ತದೆ. ಒಂದೇ ಊರಿನ ಒಂದೇ ಚಳಿಯನ್ನು ಬೀಜ ಬೆಳೆಯುವವನು ಹಾರೈಸುತ್ತಾನೆ, ಗಡ್ಡೆ ಬೆಳೆಯುವವನು ಶಪಿಸುತ್ತಾನೆ. ಒಂದು ಎಚ್ಚರ: ಉಳ್ಳಾಗಡ್ಡಿಯ ಹೂವಿನಲ್ಲಿ ಪರಾಗ ಮೊದಲು ಉದುರಿ ಶಲಾಕೆ ಆಮೇಲೆ ಸಿದ್ಧವಾಗುವುದರಿಂದ ಜೇನು ತಂದ ಬೇರೆ ಹೂವಿನ ಪರಾಗವೇ ಅದಕ್ಕೆ ಗತಿ. ಪಕ್ಕದ ಹೊಲದಲ್ಲಿ ಅಕಾಲದ ದಂಟುಗಳು ಅರಳಿ ನಿಂತಿದ್ದರೆ ನಿಮ್ಮ ಆಯ್ಕೆಯ ಶ್ರಮ ಜೇನಿನ ಕಾಲಿಗೆ ಅಂಟಿ ಹೋದಂತೆಯೇ. ಬೀಜದ ಹೊಲಕ್ಕೂ ಅನ್ಯ ಹೂವಿಗೂ ಒಂದು ಕಿಲೋಮೀಟರು ಅಂತರವಿದ್ದರೆ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಕೆಲವು ದಂಟು ಎದ್ದೇ ಏಳುವುವು. ಎದ್ದುದನ್ನು ಮುರಿಯಬೇಕೇ ಎಂದು ಕೇಳುವವರಿಗೆ: ಎಳೆಯದಿರುವಾಗ ಮುರಿದರೆ ಬೀಜಕ್ಕೆ ಹೋಗುವ ಆಹಾರ ಉಳಿದೀತು, ಆದರೆ ನಡುವಿನ ದಿಂಡು ಮಾಯವಾಗದು, ಮುರಿದ ಕೊಳವೆಯೊಳಗೆ ಮಂಜಿನ ನೀರೂ ಇಳಿದೀತು. ಅಂಥ ಗಿಡಗಳನ್ನು ಗುರುತಿಟ್ಟು, ಮೊದಲೇ ಕಿತ್ತು, ಹಸಿಯಾಗಿಯೇ ಮಾರಿಬಿಡುವುದು ಜಾಣತನ. ಒಣಗಿಸಿ ಚೀಲ ತುಂಬುವ ರಾಶಿಗೆ ಅವು ಸೇರಕೂಡದು. ಎಳೆಯ ದಂಟಿನ ಪಲ್ಯ ರುಚಿಯಾಗಿಯೇ ಇರುತ್ತದೆ, ಅದು ಮನೆಯವರ ಪಾಲಿಗಿರಲಿ. ಔಷಧದ ಅಂಗಡಿಯಲ್ಲಿ ದಂಟು ನಿಲ್ಲಿಸುವ ಸಿಂಪರಣೆಯೆಂದು ಯಾರಾದರೂ ಬಾಟಲಿ ತೋರಿಸಿದರೆ, ಎದ್ದ ದಂಟನ್ನು ಒಳಗೆ ಕಳಿಸುವ ಔಷಧ ಯಾವುದೂ ಇಲ್ಲವೆಂದು ತಿಳಿಯಿರಿ. ಅಂಗಡಿಗಳಲ್ಲಿ ಸಿಗುವ ಜಿಬ್ಬರೆಲಿಕ್ ಆಮ್ಲದಂಥ ಬೆಳವಣಿಗೆಯ ಚೋದಕಗಳಾದರೋ ಹೂವನ್ನು ತಡೆಯುವ ಬದಲು ಪ್ರೇರಿಸುವ ಗುಣವುಳ್ಳವು.

ಬರುವ ಹಿಂಗಾರಿಗೆ ನೀವು ಮಾಡಿ ನೋಡಬಹುದಾದ ಒಂದು ಕೆಲಸವನ್ನು ಹೇಳಿ ಕುಳಿತುಕೊಳ್ಳುತ್ತೇನೆ. ಒಂದೇ ತಳಿಯ ಬೀಜವನ್ನು ಹದಿನೈದು ದಿನದ ಅಂತರದಲ್ಲಿ ಮೂರು ಮಡಿಗಳಿಗೆ ಹಾಕಿ, ಮೂರನ್ನೂ ಅಕ್ಕಪಕ್ಕದ ಮೂರು ಪಟ್ಟಿಗಳಲ್ಲಿ, ಗೇಣು ಬಿಡದೆ ಆರು ಅಂಗುಲ ಸಾಲು, ನಾಲ್ಕು ಅಂಗುಲ ಗಿಡ ಎಂಬ ಒಂದೇ ಅಂತರದಲ್ಲಿ ನಾಟಿ ಮಾಡಿರಿ. ಪ್ರತಿ ಪಟ್ಟಿಯಲ್ಲಿ ನೂರು ಗಿಡಕ್ಕೆ ಕೋಲು ನೆಟ್ಟು ಗುರುತು ಮಾಡಿ, ಸಂಕ್ರಾಂತಿಯ ದಿನ ಅವುಗಳ ಬುಡಕ್ಕೆ ಪೆನ್ಸಿಲು ಹಿಡಿದು ದಪ್ಪ, ತೆಳು ಎಂದು ಬರೆದುಕೊಂಡು, ಶಿವರಾತ್ರಿಗೆ ದಂಟು ಎದ್ದವನ್ನು ಎಣಿಸಿರಿ. ಬೆಳಗಿನ ಜಾವದ ಉಷ್ಣತೆಯನ್ನು ಬರೆದಿಡಲು ಶಾಲೆಯ ಹುಡುಗರಿಗೆ ಒಂದು ಉಷ್ಣಮಾಪಕ ಕೊಡಿಸಿದರೆ ಅವರು ಸಂತೋಷದಿಂದ ಬರೆದಾರು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೂ ನಮಗೆ ದೂರವೇನಲ್ಲ. ಮೂರು ವರ್ಷದ ಇಂಥ ಲೆಕ್ಕವನ್ನು ಹಿಡಿದುಕೊಂಡು ಗೊರೇಬಾಳದಿಂದ ನಾಲ್ವರು ಅಲ್ಲಿಗೆ ಹೋದರೆ, ಈ ಊರಿನ ನಾಟಿಯ ತಾರೀಖು ಯಾವುದೆಂಬ ಪ್ರಶ್ನೆಗೆ ಅಂದಾಜಿನ ಉತ್ತರ ಕೊಟ್ಟು ಕಳಿಸಲು ಅಲ್ಲಿಯವರಿಗೂ ಸಾಧ್ಯವಾಗದು.